ಬಿಲ್ಲೆ ಎಲ್ಲೈತೆ?

ನವೆಂಬರ್ 3, ಸೋಮವಾರ

ಇಂದಿನಿಂದ ಇಪ್ಪತ್ತೊಂದು ದಿನ ನಾನು ಮಾತಾಡುವಂತಿಲ್ಲ.

ದಾವಣಗೆರೆಯ ಗಂಟಲು ಡಾಕ್ಟರು ಮೂಗಿನೊಳಗಿಂದ ಒಂದು ನಳಿಗೆ ಇಳಿಸಿ, ನನ್ನ ಗಂಟಲನ್ನು ಟೀವಿಯಲ್ಲಿ ನನಗೇ ತೋರಿಸಿದರು. ಧ್ವನಿ ಹೊರಡುವ ಜಾಗದಲ್ಲಿ ಎರಡು ಗಂಟು, ಮೆಣಸಿನಕಾಳಿನಷ್ಟು. "ಏನು ಕೆಲಸ ನಿಮ್ದು?" ಎಂದರು. ನ್ಯಾಮತಿ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷದಿಂದ ಖಾಸಗಿ ಬಸ್ಸುಗಳ ಏಜೆಂಟ್, ಹೊನ್ನಾಳಿ, ದಾವಣಗೆರೆ, ಶಿವಮೊಗ್ಗ ಅಂತ ಕೂಗುವವನು ನಾನೇ, ಅದಲ್ಲದೆ ಹೊನ್ನಾಳಿಯಿಂದ ಜಗಳೂರಿನ ತನಕ ಎಲ್ಲಿ ವಾಲಿಬಾಲ್, ಕಬಡ್ಡಿ ಪಂದ್ಯ ನಡೆದರೂ ಮೈಕ್ ನನ್ನ ಕೈಯಲ್ಲೇ, ಕಾಮೆಂಟ್ರಿ ಪಾಪಣ್ಣ ಎಂದರೆ ಎಳೆ ಮಕ್ಕಳಿಗೂ ಗೊತ್ತು, ಎಂದು ವಿವರಿಸುತ್ತಿದ್ದೆ. ಅವರು ಕೈ ಎತ್ತಿದರು. "ಸಾಕು. ಈ ಕ್ಷಣದಿಂದ್ಲೇ ಬಾಯಿ ಮುಚ್ಚಿ."

ಪಿಸುಗುಟ್ಟುವುದೂ ಕೂಡದಂತೆ. 24ನೇ ತಾರೀಕು ಮತ್ತೆ ನೋಡುತ್ತಾರೆ. ಗಂಟು ಕರಗಿದ್ದರೆ ಸರಿ. ಇಲ್ಲದಿದ್ದರೆ ಆಪರೇಷನ್, ಆಮೇಲೆ ಧ್ವನಿ ಹೇಗಿರುತ್ತದೆಂದು ದೇವರೇ ಹೇಳಬೇಕು.

ಆಗಬಾರದ ಹೊತ್ತಿನಲ್ಲಿ ಆಗಿದೆ. 26ಕ್ಕೆ ಚನ್ನಗಿರಿಯಲ್ಲಿ ನನ್ನ ಧ್ವನಿಪರೀಕ್ಷೆ ಇದೆ. ಚನ್ನಗಿರಿಯ ಹಾಸಿಗೆ ಅಂಗಡಿ ಅಲ್ತಾಫ್ ಸಾಹೇಬರ ಮಗಳು ಮದೀಹಾ ಒಂದು ವಿಡಿಯೊ ಗೇಮ್ ಕಂಪನಿಯಲ್ಲಿದ್ದಾಳೆ, ಮನೆಯಿಂದಲೇ ಕೆಲಸ. ಆ ಕಂಪನಿಯ ಐಸ್ ಹಾಕಿ ಆಟಕ್ಕೆ ಕನ್ನಡ ಕಾಮೆಂಟ್ರಿ ಬೇಕಾಗಿದೆ. ಚಿಕ್ಕಂದಿನಲ್ಲಿ ನನ್ನನ್ನು ಮೈಕಿನಲ್ಲಿ ಕೇಳಿ ಬೆಳೆದವಳು, ನೆನಪಿಟ್ಟು ಹುಡುಕಿಕೊಂಡು ಬಂದಳು. ಎದುರಾಳಿ ಒಬ್ಬನೇ, ಬೆಂಗಳೂರಿನವನು, ವಾರ್ತೆ ಓದುವವರ ಹಾಗೆ ಮಾತಾಡುತ್ತಾನಂತೆ. ಗೆದ್ದರೆ ನನ್ನ ಧ್ವನಿ ಆ ಆಟದಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಈ ಗಂಟಲಿನ ಗತಿ ನೋಡಿದ ಮೇಲೆ ಅದರ ಆಸೆ ಇನ್ನೂ ಹೆಚ್ಚಾಗಿದೆ.

ಮನೆಯಾಕೆ ಒಂದು ಸ್ಲೇಟು, ಒಂದು ಡಬ್ಬಿ ಬಳಪ ತಂದಿಟ್ಟಳು. ಅವಳ ಮುಖದಲ್ಲಿ ಅಷ್ಟೇನೂ ದುಃಖ ಕಾಣಲಿಲ್ಲ.

ನವೆಂಬರ್ 5, ಬುಧವಾರ

ಮದೀಹಾ ಬಂದು ಲ್ಯಾಪ್‌ಟಾಪನ್ನು ನಮ್ಮ ಟೀವಿಗೆ ಜೋಡಿಸಿ ಹೋದಳು. ಆಟ ಇನ್ನೂ ತಯಾರಾಗುತ್ತಿದೆಯಂತೆ. "ಅಂಕಲ್, ಮೂರು ವಾರ ಆಡಿ ನೋಡ್ರಿ. ಎಲ್ಲೆಲ್ಲಿ ನಿಜದ ಆಟದಂಗಿಲ್ಲ ಅನ್ನಿಸ್ತೈತೋ ಅದನ್ನ ಬರೆದು ಕಳ್ಸಿ. ಮಾತೂ ರೂಢಿ ಆಗ್ಲಿ" ಎಂದಳು.

ನಿಜದ ಐಸ್ ಹಾಕಿಯನ್ನು ನಾನೆಲ್ಲಿ ನೋಡಿದ್ದೇನೆ? ನೋಡಿಲ್ಲವೆಂದು ಸ್ಲೇಟಿನಲ್ಲಿ ಬರೆಯುವುದು ಸರಿ ಕಾಣಲಿಲ್ಲ. "ಆಗಲಿ" ಎಂದು ಬರೆದೆ.

ಮಂಜುಗಡ್ಡೆಯ ಮೈದಾನ, ಸುತ್ತ ಎದೆಮಟ್ಟದ ಗೋಡೆ. ಒಂದೊಂದು ಕಡೆ ಆರು ಜನ, ಬೂಟಿನ ಕೆಳಗೆ ಕತ್ತಿ ಕಟ್ಟಿಕೊಂಡು ಜಾರುತ್ತಾರೆ. ಚೆಂಡಿಲ್ಲ, ಚಪ್ಪಟೆಯಾದ ಕರಿ ರಬ್ಬರು. ಮದೀಹಾಳ ಕಂಪ್ಯೂಟರು ಇಂಗ್ಲಿಷ್ ಕಾಮೆಂಟ್ರಿಗೆ ಮಾಡಿದ ಅನುವಾದವೂ ಒಂದು ಕಟ್ಟು ಇದೆ. ಒಬ್ಬನೇ ಮೂರು ಗೋಲು ಹೊಡೆದರೆ ನಾನು ಹೇಳಬೇಕಾದ್ದು, "ಅದ್ಭುತ ಟೋಪಿ ತಂತ್ರ!" ಹಾಗಂದರೆ ನಮ್ಮ ಕಡೆ ಜನ ಇವನು ಯಾರಿಗೋ ಟೋಪಿ ಹಾಕಿದ ಎಂದುಕೊಳ್ಳುತ್ತಾರೆ. ಸಂಜೆ ಕಂಪ್ಯೂಟರಿನ ತಂಡದಲ್ಲಿ ಒಬ್ಬ ಮೂರು ಗೋಲು ಹೊಡೆದೇಬಿಟ್ಟ. ಸುತ್ತ ಕೂತವರೆಲ್ಲ ತಮ್ಮ ಟೋಪಿ ಕಿತ್ತು ಮೈದಾನಕ್ಕೆ ಎಸೆದರು. ಮೋಸ ಗೊತ್ತಾಗಿ ಜನ ಸಿಟ್ಟಿಗೆದ್ದಿದ್ದಾರೆ, ನಿಜವಾಗಿದ್ದರೆ ಚಪ್ಪಲಿ ಎಸೆಯಬೇಕಿತ್ತು ಎಂದು ಮದೀಹಾಗೆ ಮೊದಲನೇ ವರದಿ ಕಳಿಸಿದೆ. ಅದು ಅಲ್ಲಿಯ ಪದ್ಧತಿ ಅಂಕಲ್, ಮೆಚ್ಚುಗೆಗೆ ಎಸೆಯೋದು, ಎಂದು ಉತ್ತರ ಬಂತು.

ನವೆಂಬರ್ 7, ಶುಕ್ರವಾರ

ಆಟದಲ್ಲಿ "ನೈಜತೆ" ಎಂಬ ಒಂದು ಗೀಟು, ಅದರ ಮೇಲೆ ಜಾರುವ ಗುಂಡಿ ಇದೆ. ಎಡಕ್ಕೆ ಎಳೆದರೆ ಬರೀ ಮಜಾ, ದಿನವಿಡೀ ಓಡಿದರೂ ಯಾರಿಗೂ ಸುಸ್ತಾಗುವುದಿಲ್ಲ. ಬಲಕ್ಕೆ ಎಳೆದರೆ ಮುಕ್ಕಾಲು ನಿಮಿಷಕ್ಕೆ ಏದುಸಿರು. ನಾನು ಬಲತುದಿಗೆ ಎಳೆದಿಟ್ಟಿದ್ದೇನೆ. ಹಾಗಿಟ್ಟರೂ ತಪ್ಪು ಹೆಜ್ಜೆಹೆಜ್ಜೆಗೂ ಕಾಣುತ್ತಿದೆ. ಬೆಳಗ್ಗೆಯಿಂದ ಹದಿನೇಳು ಬರೆದು ಕಳಿಸಿದೆ.

ಮುಖ್ಯವಾದದ್ದೆಂದರೆ, ಇಷ್ಟು ದೊಡ್ಡ ಪಂದ್ಯಕ್ಕೆ ಒಬ್ಬ ಮುಖ್ಯ ಅತಿಥಿ ಬರುವುದಿಲ್ಲ. ಅತಿಥಿ ಬಂದಾಗ ಆಟ ನಿಲ್ಲುವುದಿಲ್ಲ, ಶಾಲು ಹೊದಿಸುವುದಿಲ್ಲ, ಆಟಗಾರರ ಕೈ ಕುಲುಕಿಸುವುದಿಲ್ಲ. ಎರಡನೇ ಬಹುಮಾನದ ದಾನಿಗಳ ಹೆಸರನ್ನು ಯಾರೂ ಹೇಳುವುದಿಲ್ಲ. ರೆಫರಿ ಸೀಟಿ ಊದಿದರೆ ಅಲ್ಲಿಗೆ ಮುಗಿಯಿತು, ಎರಡೂ ಊರಿನವರು ಮೈದಾನಕ್ಕೆ ಇಳಿದು ಅರ್ಧ ಗಂಟೆ ವಾದ ಮಾಡುವುದಿಲ್ಲ. ಆದರೆ ಇಬ್ಬರು ಆಟಗಾರರು ಕೈಗವಸು ಬಿಸಾಕಿ ಬಡಿದಾಡುವಾಗ ಮಾತ್ರ ರೆಫರಿಗಳು ಪಕ್ಕದಲ್ಲಿ ನಿಂತು ನೋಡುತ್ತಾರೆ! ಆಟ ನಡೆಯುತ್ತಿರುವಾಗಲೇ ಬದಲಿ ಆಟಗಾರರು ಯಾರನ್ನೂ ಕೇಳದೆ ಗೋಡೆ ಹಾರಿ ಬರುತ್ತಾರೆ!

ಮದೀಹಾಳ ಉತ್ತರ: "ಅಂಕಲ್, ಬಡಿದಾಟ, ಗೋಡೆ ಹಾರೋದು ಎರಡೂ ನಿಜವಾದ ಆಟದಾಗೆ ಐತೆ. ಶಾಲು ಹೊದಿಸೋದು ಇಲ್ಲ. ಆಟ ಆಡೋರಿಗೆ ಮಜಾನೂ ಬರ್ಬೇಕಲ್ರೀ."

ಯಾವುದು ಸುಳ್ಳೆಂದೆನೋ ಅದೆಲ್ಲ ನಿಜವಂತೆ, ಯಾವುದು ನಿಜವೋ ಅದು ಬೇಡವಂತೆ.

ನವೆಂಬರ್ 9, ಭಾನುವಾರ

ಮನೆ ತೀರಾ ನಿಶ್ಶಬ್ದ. ಮನೆಯಾಕೆಗೆ ಇದು ಒಗ್ಗುತ್ತಿಲ್ಲವೆಂದು ಕಾಣುತ್ತದೆ. ನಾನು ಮನೆಯಲ್ಲಿದ್ದರೆ ಅವಳು ಹೂಂ ಎನ್ನುವುದಷ್ಟೇ ರೂಢಿ. ಇವತ್ತು ಅವರೆಕಾಯಿ ಬುಟ್ಟಿ ಹಿಡಿದು ಟೀವಿ ಮುಂದೆ ಬಂದು ಕೂತಳು.

"ರೀ, ಆ ಬಿಲ್ಲೆ ಎಲ್ಲೈತೆ?"

ನಾನು ಎರಡು ದಿನದಿಂದ ಆ ರಬ್ಬರಿಗೆ ಹೆಸರು ಹುಡುಕುತ್ತಿದ್ದೆ. ಹಿಮಚಕ್ರ, ಕೃಷ್ಣಚಕ್ರ, ರಬ್ಬರಾಯುಧ ಎಂದೆಲ್ಲ ಬರೆದಿಟ್ಟಿದ್ದೆ. ಇವಳು ಕುಂಟೆಬಿಲ್ಲೆ ಆಡಿದವಳು, ಬಿಲ್ಲೆ ಅಂದುಬಿಟ್ಟಳು. ಟೀವಿಯಲ್ಲಿ ಬೆರಳಿಟ್ಟು ತೋರಿಸಿದೆ.

ಆಮೇಲೆ ಅವಳ ಬಾಯಿ ನಿಲ್ಲಲೇ ಇಲ್ಲ. "ಬಿಲ್ಲೆ ಗೋಡೆ ಹತ್ರ ಹೋತು. ಆ ಕೆಂಪಂಗಿಯವ್ನು ಬಂದ. ಅಯ್ಯೋ, ಹಾಯ್ದೇಬಿಟ್ಟ, ಎತ್ತು ಹಾಯ್ದಂಗೆ! ಬಿಲ್ಲೆ ಬಿಟ್ಟ. ಬಾಗ್ಲು ಕಾಯೋನು ಕಾಲು ಅಗಲಿಸಿ ಕೂತವ್ನೆ." ಗೋಲಾದರೆ, "ಹೋತು! ಒಳಗೆ ಹೋತು!" ಅಷ್ಟೇ.

ಕೋಲಿನಿಂದ ಕಾಲಿಗೆ ಹೊಡೆದ ಒಬ್ಬನನ್ನು ರೆಫರಿ ಮೈದಾನದ ಪಕ್ಕದ ಡಬ್ಬಿಯಲ್ಲಿ ಕೂರಿಸಿದ. ಏನದು ಎಂದು ಕೇಳಿದಳು. ತಪ್ಪು ಮಾಡಿದವನು ಎರಡು ನಿಮಿಷ ಹೊರಗೆ ಕೂರಬೇಕೆಂದು ಸ್ಲೇಟಿನಲ್ಲಿ ಬರೆದೆ.

"ತಪ್ಪು ಮಾಡಿದ್ರೂ ಎರಡೇ ನಿಮಿಷನಾ? ನಾನು ಏನೂ ತಪ್ಪು ಮಾಡ್ದೆ ತಿಂಗ್ಳಿಗೆ ಮೂರು ದಿನ ನಿಮ್ಮವ್ವನ ಹಿತ್ಲಾಗೆ ಹೊರಗೆ ಕೂತೀನಿ" ಎಂದು ಅವರೆಕಾಯಿ ಸುಲಿದಳು. ನಾನು ಸ್ಲೇಟು ಒರೆಸಿದೆ.

ನವೆಂಬರ್ 10, ಸೋಮವಾರ

ಕನ್ನಡ ಪದಗಳ ಪಟ್ಟಿ ಮಾಡಿ ಮದೀಹಾಗೆ ಕಳಿಸಿದೆ. ಬಿಲ್ಲೆ. ಹಾಯ್ದ. ಬಾಗಿಲು ಕಾಯುವವನು. ಹೊರಗೆ ಕೂತ. ಗೋಲಿಗೆ, "ಹೋತು! ಒಳಗೆ ಹೋತು!"

ಅವಳು ಕೂಡಲೇ ಫೋನ್ ಮಾಡಿದಳು. ನಾನು ಎತ್ತಿ ಕಿವಿಗಿಟ್ಟುಕೊಂಡೆ. "ಅಂಕಲ್! ಇವನ್ನೆಲ್ಲ ಹೆಂಗೆ ಹೊಳೀತ್ರಿ ನಿಮಗೆ? ನಮ್ಮ ಆಫೀಸ್ ಗ್ರೂಪ್‌ನಾಗೆ ಎಲ್ಲ ಕುಣಿದಾಡಿದ್ರು! ಆ ಬೆಂಗಳೂರಿನವ್ರು ಇನ್ನೂ ಹಿಮಚಕ್ರದಾಗೇ ಅವ್ರೆ!"

ಅನುಭವ ಎಂದು ಮೆಸೇಜ್ ಕಳಿಸಿದೆ. ಮೂವತ್ತು ವರ್ಷ ಮೈಕ್ ಹಿಡಿದವನಿಗೆ ಇಂಥವು ತಾನಾಗಿ ಹೊಳೆಯುತ್ತವೆ ಎಂದೂ ಸೇರಿಸಿದೆ. ಒಂದು ಮನೆ ಎಂದ ಮೇಲೆ ಇವಳದು ನನ್ನದು ಎಂಬ ಭೇದವೇನು.

ನವೆಂಬರ್ 13, ಗುರುವಾರ

ಈ ದಿನ ದೊಡ್ಡ ದೋಷವೊಂದು ಸಿಕ್ಕಿತು. ನಾವು ಒಂದು ಗೋಲಿನಿಂದ ಮುಂದಿದ್ದೆವು, ಆಟ ಮುಗಿಯಲು ಒಂದೇ ನಿಮಿಷ. ಎದುರಾಳಿಯ ಗೋಲ್‌ಕೀಪರ್ ಇದ್ದಕ್ಕಿದ್ದಂತೆ ಬಾಗಿಲು ಬಿಟ್ಟು ಹೊರಗೆ ಹೋಗಿ ಕೂತ! "ಗೋಲ್‌ಕೀಪರ್ ಮನೆಗೆ ಹೋದ, ತುರ್ತಾಗಿ ಸರಿಪಡಿಸಿ" ಎಂದು ವರದಿ ಕಳಿಸಿದೆ.

ಮನೆಯಾಕೆ ಒಗ್ಗರಣೆ ಸೌಟು ಹಿಡಿದೇ ಬಂದು ನೋಡಿದಳು. "ಸರಿಯಾಗೇ ಐತಲ್ರೀ. ಹೆಂಗೂ ಸೋಲ್ತಾವ್ರೆ. ಬಾಗ್ಲು ಕಾಯೋದು ಬಿಟ್ಟು ಅವನ ಬದ್ಲಿಗೆ ಒಬ್ಬನ್ನ ಜಾಸ್ತಿ ಬಿಲ್ಲೆ ಹಿಂದೆ ಓಡ್ಸವ್ರೆ. ಎಣ್ಸಿ ನೋಡ್ರಿ."

ಎಣಿಸಿದೆ. ಆರು ಜನ ಮುನ್ನುಗ್ಗುತ್ತಿದ್ದರು. ಅಷ್ಟರಲ್ಲಿ ಮದೀಹಾಳ ಉತ್ತರವೂ ಬಂತು, ಅದೇ ಮಾತು. ಇವಳು ಒಗ್ಗರಣೆ ಹೊತ್ತುತ್ತೆ ಎಂದು ಒಳಗೆ ಓಡಿದಳು.

ಗನಿಸಾಬ ಬಂದಿದ್ದ. ಬಸ್ ನಿಲ್ದಾಣದಲ್ಲಿ ನನ್ನ ಬದಲಿಗೆ ಅವನೇ ಕೂಗುತ್ತಿದ್ದಾನೆ. "ಯಾವ ಬಸ್ಸು, ಎಷ್ಟೊತ್ತಿಗೆ, ಎಲ್ಲಿ ನಿಂತೈತೆ, ಅಷ್ಟೇ ಹೇಳ್ತೀನಣ್ಣ. ನಿನ್ನಂಗೆ ಭಾಷಣ ನನಗೆ ಬರಾಕಿಲ್ಲ. ಈ ವಾರ ಒಬ್ರೂ ಬಸ್ ತಪ್ಪಿಸ್ಕೊಂಡಿಲ್ಲ ನೋಡು" ಎಂದ. ಪಾಪ, ಅವನಿಗೆ ತಿಳಿಯುವುದಿಲ್ಲ.

ನವೆಂಬರ್ 15, ಶನಿವಾರ

ಇವತ್ತು ಸ್ಲೇಟಿನಲ್ಲಿ ಒಂದು ಪ್ರಶ್ನೆ ಕೇಳಿದ್ದು ನನ್ನ ತಪ್ಪು. ನಮ್ಮ ಮನೆ ಮೈದಾನದ ಹಿಂದುಗಡೆಯೇ ಇರುವುದರಿಂದ ನ್ಯಾಮತಿಯ ಎಲ್ಲ ಪಂದ್ಯಗಳ ಕಾಮೆಂಟ್ರಿಯೂ ಅಡಿಗೆಮನೆಗೆ ಕೇಳುತ್ತಿತ್ತು. ನನ್ನ ಕಾಮೆಂಟ್ರಿ ಹೇಗಿರುತ್ತಿತ್ತು ಎಂದು ಬರೆದು ತೋರಿಸಿದೆ. ಹೊಗಳುತ್ತಾಳೆ ಎಂದುಕೊಂಡಿದ್ದೆ, ಸುಳ್ಳೇಕೆ ಹೇಳಲಿ.

ಅವಳು ಓದಿ ಹೇಳಿದಳು. "ಯಾರ್ಯಾರು ಬಂದವ್ರೆ, ಯಾರು ಕಪ್ಪು ಕೊಟ್ಟವ್ರೆ, ಎಲ್ಲ ಗೊತ್ತಾಗ್ತಿತ್ತು. ನೀವು ಎಷ್ಟು ವರ್ಷದಿಂದ ಮೈಕ್ ಹಿಡಿದೀರಿ ಅನ್ನೋದೂ ಗೊತ್ತಾಗ್ತಿತ್ತು. ಚೆಂಡು ಎಲ್ಲೈತೆ ಅನ್ನೋದು ಮಾತ್ರ ಗೊತ್ತಾಗ್ತಿರ್ಲಿಲ್ಲ ಕಣ್ರೀ. ರೊಟ್ಟಿ ತಟ್ಟೋದು ನಿಲ್ಸಿ ಕಿವಿಗೊಟ್ಟು ನಿಂತಿರ್ತಿದ್ದೆ. ಜನ ಹೋ ಅಂದಾಗ್ಲೇ ಪಾಯಿಂಟ್ ಬಂತು ಅಂತ ತಿಳ್ಕೋಬೇಕಾಗಿತ್ತು."

ಸ್ಲೇಟಿನ ತುಂಬ, ಇದ್ದಷ್ಟು ದೊಡ್ಡ ಅಕ್ಷರದಲ್ಲಿ, ನಿನಗೇನು ಗೊತ್ತು ಎಂದು ಬರೆದೆ. ಬಳಪ ಮುರಿಯಿತು.

ನವೆಂಬರ್ 16, ಭಾನುವಾರ

ಊಟ ಬೇಡವೆಂದೆ. ಬರೆದೆ ಅಂತ ಹೇಳಬೇಕು. ಆಮೇಲೆ ಹಸಿವಾಗಿ ಉಂಡೆ.

ನವೆಂಬರ್ 18, ಮಂಗಳವಾರ

ಎರಡು ದಿನದಿಂದ ಒಂದು ಲೆಕ್ಕ ಬಗೆಹರಿಯುತ್ತಿಲ್ಲ. ಹಿಂದೊಮ್ಮೆ ಜಗಳೂರಿನಲ್ಲಿ ವಾಲಿಬಾಲ್ ಫೈನಲ್, ಐದು ಸೆಟ್ ನಡೆದ ಪಂದ್ಯ. ಅಂದು ವೇದಿಕೆ ಮೇಲಿದ್ದ ಹನ್ನೊಂದು ಜನ ಗಣ್ಯರನ್ನು ಈಗಲೂ ಕೂತ ಸಾಲಿನಲ್ಲೇ ಹೇಳಬಲ್ಲೆ. ಗೆದ್ದವರು ಯಾರು? ನೆನಪಿಲ್ಲ. ನನ್ನ ಕಣ್ಣೆದುರಿಗೇ ನಡೆದದ್ದು.

ಮಧ್ಯಾಹ್ನ ಕಂಪ್ಯೂಟರ್ ತಂಡಗಳೇ ತಮ್ಮತಮ್ಮಲ್ಲಿ ಆಡಿಕೊಳ್ಳುವಂತೆ ಆಟ ಹಾಕಿದೆ. ಶಬ್ದ ತೆಗೆದೆ. ನೋಡಿದ್ದನ್ನು ಹೇಳು ಎಂದು ಮನೆಯಾಕೆ ಪ್ರೇಮಳಿಗೆ ಬರೆದುಕೊಟ್ಟು, ನಾನು ಅಡಿಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತೆ. "ಹುಚ್ಚು ಹಿಡೀತೇನ್ರಿ?" ಎಂದಳು. ಆದರೆ ಹೇಳಿದಳು.

ಸ್ವಾಗತವಿಲ್ಲ, ವಂದನಾರ್ಪಣೆಯಿಲ್ಲ, ಒಂದು ವಿಶೇಷಣವಿಲ್ಲ. ಕಾಮೆಂಟ್ರಿಯ ಶಿಸ್ತೇ ಇಲ್ಲ. ಆದರೂ ನನಗೆ ಇಡೀ ಮೈದಾನ ಕಾಣುತ್ತಿತ್ತು. ಬಿಲ್ಲೆ ಎಡಗೋಡೆಗೆ ತಾಗಿದ್ದು, ಹಿಂದಿನವನು ತಡವರಿಸಿದ್ದು, ಒಬ್ಬ ಹೊರಗೆ ಕೂತಿದ್ದು, ಉಳಿದ ನಾಲ್ವರು ಬಾಗಿಲ ಮುಂದೆ ಗುಂಪುಗೂಡಿದ್ದು. ಅವಳು "ಹೋತು!" ಎನ್ನುವ ಹೊತ್ತಿಗೆ ನಾನು ಎದ್ದು ನಿಂತಿದ್ದೆ. ಬಾಯಿಂದ ಕೂಗು ಬರಲಿಲ್ಲವೆಂಬುದೇ ದೊಡ್ಡದು, ಇಲ್ಲದಿದ್ದರೆ ಹದಿನೈದು ದಿನದ ಮೌನ ಹಾಳಾಗುತ್ತಿತ್ತು.

ಏನೇ ಆಗಲಿ, ಅವಳಿಗೆ ತರಬೇತಿಯಿಲ್ಲ.

ನವೆಂಬರ್ 21, ಶುಕ್ರವಾರ

ದಿನವೂ ಎರಡು ಪಂದ್ಯ ನಡೆಯುತ್ತಿದೆ. ಅವಳು ಟೀವಿ ಮುಂದೆ, ನಾನು ಗೋಡೆ ಮುಂದೆ. ಮೊನ್ನೆ ರೊಟ್ಟಿ ನಾನೇ ತಟ್ಟಿದೆ, ಪಂದ್ಯ ಅರ್ಧಕ್ಕೆ ನಿಲ್ಲಬಾರದಲ್ಲ. ಯಾವ ದೇಶದ ನಕಾಶೆಯೆಂದು ಪ್ರೇಮ ಕೇಳಿದಳು.

ನೈಜತೆಯ ಗೀಟನ್ನು ಮಧ್ಯಕ್ಕೆ ತಂದಿಟ್ಟಿದ್ದೇನೆ. ಅವರು ಅಷ್ಟು ಏದುಸಿರು ಬಿಟ್ಟರೆ ನೋಡಲಾಗುವುದಿಲ್ಲ ಎಂದು ಅವಳು ಹೇಳಿದ್ದರಿಂದ.

ನವೆಂಬರ್ 24, ಸೋಮವಾರ

ಗಂಟು ಕರಗಿವೆ! ಆಪರೇಷನ್ ಬೇಡವಂತೆ. ಆದರೆ ಡಾಕ್ಟರು ಹೇಳಿದ್ದು ಪೂರ್ತಿ ಸಿಹಿಯಲ್ಲ. ಸದ್ಯಕ್ಕೆ ದಿನಕ್ಕೆ ಹದಿನೈದು ನಿಮಿಷ ಮೆಲ್ಲಗೆ ಮಾತಾಡಬಹುದು. ಕೂಗುವುದು ಇನ್ನು ಜೀವಮಾನದಲ್ಲಿ ಇಲ್ಲ. ಬಸ್ ನಿಲ್ದಾಣ, ಟೂರ್ನಮೆಂಟು ಮುಗಿದ ಕತೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು, ಇಲ್ಲಿ ಬರೆಯಲು ನಾಚಿಕೆಯೇನು.

ಪ್ರೇಮ ಪಕ್ಕದಲ್ಲಿ ಕೂತು, "ಗೇಮಿಂದು ಐತಲ್ರೀ, ಅಲ್ಲಿ ಮೈಕ್ ಬಾಯಿ ಹತ್ರಾನೇ ಇರ್ತೈತೆ, ಕೂಗೋದು ಬ್ಯಾಡ" ಎಂದಳು. ಹೌದು, ಈಗ ಉಳಿದಿರುವುದು ಅದೊಂದೇ.

ನವೆಂಬರ್ 26, ಬುಧವಾರ

ಎರಡು ಬಸ್ ಬದಲಿಸಿ ಚನ್ನಗಿರಿಗೆ ಹೋದೆವು. ಸ್ಟುಡಿಯೊ ಎಂದರೆ ಅಲ್ತಾಫ್ ಸಾಹೇಬರ ಹಾಸಿಗೆ ಅಂಗಡಿಯ ಹಿಂದಿನ ಗೋದಾಮು. ನಾಲ್ಕೂ ಕಡೆ ಸೂರಿನ ತನಕ ಹತ್ತಿ ಹಾಸಿಗೆ ಪೇರಿಸಿದ್ದಾರೆ, ಹೊರಗೆ ಲಾರಿ ಹೋದರೂ ಒಳಗೆ ಸದ್ದಿಲ್ಲ. ನಡುವೆ ಒಂದು ಮೈಕ್, ಒಂದು ಪರದೆ. ಕಂಪನಿಯವರು ಫೋನಿನಲ್ಲಿ ಕೇಳುತ್ತಿದ್ದರು. ಪ್ರೇಮ ಮೂಲೆಯ ಹಾಸಿಗೆ ಮೇಲೆ ಕೂತಳು.

ಪಂದ್ಯ ಶುರುವಾಯಿತು. "ಸನ್ಮಾನ್ಯ ಕ್ರೀಡಾಭಿಮಾನಿಗಳೇ, ಹಿಮದ ಈ ಅಂಗಳಕ್ಕೆ ತಮಗೆಲ್ಲರಿಗೂ ಹಾರ್ದಿಕ" ಎನ್ನುವಷ್ಟರಲ್ಲಿ ಗೋಲಾಯಿತು. ಸ್ವಾಗತ ಇನ್ನೂ ಮುಗಿದಿರಲಿಲ್ಲ.

"ಪರವಾಗಿಲ್ಲ ಅಂಕಲ್, ಆ ಪಟ್ಟಿಯ ಮಾತು ಹೇಳ್ರಿ" ಎಂದಳು ಮದೀಹಾ. ಮತ್ತೆ ಶುರು ಮಾಡಿದೆ. ಬಿಲ್ಲೆ ಎಂದೆ. ಬಿಲ್ಲೆ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಅದು ಇನ್ನೊಂದು ತುದಿಗೆ ಹೋಗಿತ್ತು. ಹಾಯ್ದ ಎಂದೆ, ಹಾಯ್ದವನು ಎದ್ದು ಹೋಗಿ ಎಷ್ಟೋ ಹೊತ್ತಾಗಿತ್ತು. ಪದಗಳೆಲ್ಲ ಇದ್ದವು, ಒಂದೂ ಅದರದರ ಜಾಗಕ್ಕೆ ಬರಲಿಲ್ಲ. ಮೂರನೇ ಸಲ ಶುರು ಮಾಡಿ ನಡುವೆಯೇ ನಿಂತೆ. ಫೋನಿನ ಆ ಕಡೆ ಯಾರೋ ಕೆಮ್ಮಿದರು.

ಗಡಿಯಾರ ನೋಡಿದೆ. ದಿನದ ಹದಿನೈದು ನಿಮಿಷದಲ್ಲಿ ಎರಡು ಉಳಿದಿದ್ದವು. ಗಂಟಲು ಸುಸ್ತಾಗಿದೆ, ನಾಳೆ ಬರುತ್ತೇನೆ ಎಂದು ಹೇಳಲು ಅಷ್ಟು ಸಾಕಾಗುತ್ತಿತ್ತು.

"ಆ ಮಾತು ಯಾವೂ ನಂದಲ್ಲ ಕಣಮ್ಮ" ಎಂದೆ. "ಎಲ್ಲ ಇವಳವು. ನಾನು ಬರ್ಕೊಂಡು ನನ್ನ ಹೆಸರಿನಾಗೆ ಕಳ್ಸಿದೆ. ಆಟ ನೋಡಾಕೆ ನನಗೆ ಬರಾಕಿಲ್ಲ. ಇವಳಿಗೆ ಬರ್ತೈತೆ. ಇವಳ ಕೈಗೆ ಮೈಕ್ ಕೊಡು."

ಪ್ರೇಮ ಹೆದರಿ ಎದ್ದು ನಿಂತಳು. "ಏನಂತೀರಿ ನೀವು! ನಾಕು ಜನ ಕೇಳೋದ್ರಾಗೆ ನಾನ್ಯಾಕೆ ಮಾತಾಡ್ಲಿ?" ಮದೀಹಾ ಅವಳ ಕೈ ಹಿಡಿದು ಕೂರಿಸಿದಳು. "ಇಲ್ಲಿ ಯಾರೂ ಇಲ್ಲ ಆಂಟಿ, ಬರೀ ಹಾಸಿಗೆ. ಬಿಲ್ಲೆ ಎಲ್ಲೈತೆ ಅಂತ ಅಂಕಲ್‌ಗೆ ಹೇಳ್ರಿ, ಅಷ್ಟೇ."

ನಾನು ಪರದೆಗೆ ಬೆನ್ನು ಮಾಡಿ ಹಾಸಿಗೆಗಳತ್ತ ತಿರುಗಿ ಕೂತೆ. ಅವಳು ಹೇಳಿದಳು.

ಡಿಸೆಂಬರ್ 10, ಬುಧವಾರ

ಕಂಪನಿಯ ತೀರ್ಮಾನ ಹೋದ ವಾರವೇ ಬಂದಿತ್ತು. ಇಂಥ ಆಟಗಳಲ್ಲಿ ಇಬ್ಬರು ಕಾಮೆಂಟ್ರಿ ಹೇಳುವವರು ಇರುತ್ತಾರಂತೆ. ಮುಖ್ಯ ಧ್ವನಿ ಶ್ರೀಮತಿ ಪ್ರೇಮಮ್ಮ. ಪಕ್ಕದಲ್ಲಿ ಕೂತು ಆಗಾಗ ಒಂದು ಮಾತು ಸೇರಿಸುವ ಎರಡನೇ ಧ್ವನಿ ನಾನು. ನನ್ನ ಸಾಲುಗಳ ಪಟ್ಟಿ ಬಂತು. "ಹೌದು." "ಹೌದು ಹೌದು." "ನೀನು ಹೇಳಿದ್ದು ಸರಿ." ಗೋಲಿನ ನಂತರ ಮಾತ್ರ ಒಂದು ಉದ್ದ ಸಾಲು, "ಅಬ್ಬಾ, ಇಂಥ ಗೋಲು ನಾನು ನೋಡಿಯೇ ಇರಲಿಲ್ಲ!" ದಿನಕ್ಕೆ ಹದಿನೈದು ನಿಮಿಷದವನಿಗೆ ಇದು ಅಳತೆಗೆ ಹೊಲಿದ ಅಂಗಿ ಎಂದು ಗನಿಸಾಬ ನಕ್ಕ. ಮುಖಭಂಗ ಆಗಬೇಕಿತ್ತು. ಯಾಕೋ ಆಗಲಿಲ್ಲ, ಕೆಲಸದ ಗಡಿಬಿಡಿ ಇರಬೇಕು.

ಇವತ್ತು ಮೊದಲನೇ ದಿನದ ರೆಕಾರ್ಡಿಂಗ್. ಇಬ್ಬರ ಕಿವಿಗೂ ಹೆಡ್‌ಫೋನ್, ಪ್ರೇಮ ಸೆರಗಿನ ಮೇಲೇ ಹಾಕಿಕೊಂಡಳು. ಅವಳ ಧ್ವನಿ ಅಷ್ಟು ಹತ್ತಿರದಿಂದ, ನೇರ ಕಿವಿಯೊಳಗೆ, ನಾನು ಯಾವತ್ತೂ ಕೇಳಿರಲಿಲ್ಲ. "ಬಿಲ್ಲೆ ಬಲಗಡೆ ಐತೆ. ಮೆಲ್ಲಗೆ ತರ್ತಾವ್ನೆ, ಅವಸರ ಇಲ್ಲ. ಒಬ್ಬನ್ನ ದಾಟ್ದ. ಇನ್ನೊಬ್ಬ ಹಾಯಾಕೆ ಬಂದ, ತಪ್ಪಿಸ್ಕೊಂಡ. ಬಾಗ್ಲು ಕಾಯೋನು ಬಗ್ಗಿದ. ಈ ಕಡೆ ಜಾಗ ಐತೆ, ಇಲ್ಲೇ ಐತೆ... ಹೋತು! ಒಳಗೆ ಹೋತು!"

ಪ್ರೇಮ ನನ್ನ ಕಡೆ ನೋಡಿದಳು. ಹಾಸಿಗೆಗಳ ಸಂದಿಯಿಂದ ಮದೀಹಾ ತಲೆ ಹಾಕಿದಳು.

"ಅಂಕಲ್, ಈಗ ನಿಮ್ಮ ಮಾತಿತ್ತಲ್ರೀ! ಏನು ಮಾಡ್ತಿದ್ರಿ?"

"ಕೇಳ್ತಿದ್ದೆ" ಎಂದೆ.

ಪ್ರೇಮ ಹೆಡ್‌ಫೋನ್ ಸರಿ ಮಾಡಿಕೊಂಡಳು. "ಇನ್ನೊಂದ್ಸಲ ಹೇಳ್ಲೇನ್ರಿ?"

"ಹೇಳು" ಎಂದೆ.